ಗೋಡೆ ಸಾಲಿನ ಸಾಹೇಬ

ನನ್ನ ಹೆಂಡತಿಯ ತಮ್ಮನನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಸಾಹೇಬ ಎಂದೇ ಕರೆಯುತ್ತಾರೆ. ಈ ಬಿರುದನ್ನು ಕೊಟ್ಟವರು ನನ್ನ ಅತ್ತೆ, ಹೆಮ್ಮೆಯಿಂದ. ಉಳಿಸಿಕೊಂಡು ಬಂದವರು ನಾವು, ಬೇರೆ ಕಾರಣಕ್ಕೆ. ಅವನು ಹದಿನಾರು ವರ್ಷ ಒಂದು ದೊಡ್ಡ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿದ್ದ.

ಬ್ಯಾಂಕು ಎಂದ ಮಾತ್ರಕ್ಕೆ ಅಲ್ಲಿ ದುಡ್ಡು ಇಡುವುದಕ್ಕಾಗಲಿ ತೆಗೆಯುವುದಕ್ಕಾಗಲಿ ಆಗುವುದಿಲ್ಲ. ಇದು ಅತ್ತೆಗೆ ತಿಳಿಯಲು ಮೂರು ವರ್ಷ ಹಿಡಿಯಿತು. ಮಗನ ಬ್ಯಾಂಕಿನಲ್ಲೇ ಒಂದು ಖಾತೆ ತೆರೆಯಬೇಕೆಂದು ಅವರು ಎರಡು ಫೋಟೋ ತೆಗೆಸಿಟ್ಟುಕೊಂಡು ಕಾದಿದ್ದರು. ಕೊನೆಗೆ ನಾನೇ ಬಿಡಿಸಿ ಹೇಳಿದೆ: ಒಬ್ಬರಿಗೆ ತಮ್ಮ ಕಂಪನಿ ಮಾರಬೇಕಾಗಿರುತ್ತದೆ, ಇನ್ನೊಬ್ಬರಿಗೆ ಕೊಳ್ಳಬೇಕಾಗಿರುತ್ತದೆ, ಇವರು ನಡುವೆ ನಿಂತು ಮಾಡಿಸಿಕೊಡುತ್ತಾರೆ.

“ದಲ್ಲಾಳಿ ಅನ್ನಿ ಮತ್ತೆ,” ಎಂದರು ಅತ್ತೆ.

ಸಾಹೇಬನ ಕಿವಿ ಕೆಂಪಾಯಿತು. “ದಲ್ಲಾಳಿ ಅಲ್ಲಮ್ಮ, ಸಲಹೆಗಾರ.”

“ವ್ಯಾಪಾರ ಕುದುರಿದ ಮೇಲೆ ಕಮಿಷನ್ ತಗೋತೀರೋ ಇಲ್ವೋ?”

“ತಗೋತೀವಿ.”

“ಸರಿ ಬಿಡು,” ಎಂದು ಅತ್ತೆ ಫೋಟೋಗಳನ್ನು ಎತ್ತಿ ಒಳಗಿಟ್ಟರು.

ಆ ಬ್ಯಾಂಕು ಗಾಜಿನ ಕಟ್ಟಡವೊಂದರ ಒಂಬತ್ತು ಮಹಡಿಗಳನ್ನು ಹಿಡಿದಿತ್ತು. ಪ್ರತಿ ಮಹಡಿಯಲ್ಲೂ ನಾಲ್ಕು ಸಭಾಕೋಣೆ. ಪ್ರತಿ ಕೋಣೆಯ ನಡುವೆ ಉದ್ದನೆಯ ಮೇಜು, ಅದರ ಸುತ್ತ ತಲೆ ಒರಗಿಸಲು ದಿಂಬಿರುವ ಚರ್ಮದ ಕುರ್ಚಿಗಳು. ಇನ್ನು ಗೋಡೆಗುಂಟ ಕೈಯಿಲ್ಲದ ಸಣ್ಣ ಕುರ್ಚಿಗಳ ಇನ್ನೊಂದು ಸಾಲು. ಮೇಜಿಗೆ ಕೂರುವವರು ಮಾತನಾಡುವವರು. ಗೋಡೆಗೆ ಕೂರುವವರು ವಿಷಯ ಗೊತ್ತಿರುವವರು. ಎರಡನ್ನೂ ಒಬ್ಬನೇ ಮಾಡುವ ಪದ್ಧತಿ ಅಲ್ಲಿರಲಿಲ್ಲ. ಕಂಪನಿಯ ಮಾಲೀಕರು ಏನಾದರೂ ಕೇಳಿದರೆ ಮೇಜಿನ ದೊಡ್ಡವರು ಗಂಭೀರವಾಗಿ ತಲೆಯಾಡಿಸುತ್ತ, “ಒಳ್ಳೆಯ ಪ್ರಶ್ನೆ,” ಎನ್ನುತ್ತಿದ್ದರು. ಅಷ್ಟರಲ್ಲಿ ಅವರ ಎಡಗೈ ಕುರ್ಚಿಯ ಹಿಂದಕ್ಕೆ ಬಂದು ಎರಡು ಬೆರಳು ಅಲ್ಲಾಡುತ್ತಿದ್ದವು. ಗೋಡೆ ಸಾಲಿನವನು ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಆ ಬೆರಳುಗಳ ನಡುವೆ ಸಿಕ್ಕಿಸಬೇಕು. ಹತ್ತು ಪದ ಮೀರಬಾರದು, ಅಕ್ಷರ ದೊಡ್ಡದಿರಬೇಕು, ಎದ್ದು ನಿಲ್ಲಬಾರದು.

ನಮ್ಮ ಸಾಹೇಬ ಹದಿನಾರು ವರ್ಷ ಈ ಸಾಲಿನಲ್ಲಿ ಕೂತ. ಅವನ ಲೆಕ್ಕದಂತೆ ಆರುನೂರು ಸಭೆ. ಅವುಗಳಲ್ಲಿ ಅವನು ಬಾಯಿಬಿಟ್ಟದ್ದು ಒಂದೇ ಸಲ. “ಎಸಿ ಸ್ವಲ್ಪ ಕಮ್ಮಿ ಮಾಡ್ಲಾ ಸಾರ್?” ಎಂದಿದ್ದ. ಬೇಡ ಎಂದಿದ್ದರು.

ಚೀಟಿ ಬರೆಯದ ಹೊತ್ತಿನಲ್ಲಿ ಅವನು ಪುಟ ಮಾಡುತ್ತಿದ್ದ. ಯಾವುದೇ ಕಂಪನಿ ಮಾರಾಟಕ್ಕೆ ಬಂದರೂ ಅದರ ಬಗ್ಗೆ ನೂರನಲವತ್ತು ಪುಟದ ಒಂದು ಪುಸ್ತಕ ತಯಾರಾಗುತ್ತದೆ. ಅದರಲ್ಲಿ ಅರವತ್ತೊಂದರಿಂದ ಎಪ್ಪತ್ತನಾಲ್ಕರವರೆಗಿನ ಪುಟಗಳು ಇವನವು. ಆ ಕಂಪನಿಯನ್ನು ಅಂಥದೇ ಬೇರೆ ಕಂಪನಿಗಳ ಜೊತೆ ಹೋಲಿಸಿ ತೋರಿಸುವ ಪುಟಗಳು. ಉಕ್ಕು, ಸಿಮೆಂಟು, ಆಸ್ಪತ್ರೆ, ವಿಮಾನ ನಿಲ್ದಾಣ ಎಲ್ಲವನ್ನೂ ಅವನು ಅರವತ್ತೊಂದರಿಂದ ಎಪ್ಪತ್ತನಾಲ್ಕರವರೆಗೆ ಬಲ್ಲ. ಸಿಮೆಂಟು ಉದ್ಯಮದ ಮೇಲೆ ಒಂದು ಗಂಟೆ ಕೊರೆಯಬಲ್ಲವನು ನಮ್ಮ ಮನೆಯ ಮೆಟ್ಟಿಲು ಕಟ್ಟಿಸುವಾಗ ಬಂದು, ಇದು ಯಾಕೆ ಇಷ್ಟು ಧೂಳು ಎಂದು ಗಾರೆಯವನನ್ನು ಕೇಳಿದ್ದ.

ಬರೆದ ಪುಟ ಐದು ಜನರ ಕೈ ದಾಟಿ ಮೇಲೆ ಹೋಗಬೇಕು. ಓದಿದ್ದೇನೆ ಎಂಬುದಕ್ಕೆ ಸಾಕ್ಷಿಯಾಗಿ ಪ್ರತಿಯೊಬ್ಬರೂ ಏನಾದರೊಂದು ತಿದ್ದಬೇಕು. ಮೊದಲನೆಯವರು ತೆಗೆದ ಅಲ್ಪವಿರಾಮವನ್ನು ಐದನೆಯವರು ವಾಪಸು ಹಾಕುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಇದಕ್ಕೆ ಗುಣಮಟ್ಟ ಎಂದು ಹೆಸರು.

ಸುಮ್ಮನೆ ಆಡಿಕೊಳ್ಳಬಾರದು. ದೊಡ್ಡ ಬ್ಯಾಂಕಿನಲ್ಲಿ ಸಂಬಳ ದೊಡ್ಡದು, ನಾಲ್ಕನೆಯ ಮಹಡಿಯಲ್ಲಿ ವೈದ್ಯರೇ ಕೂತಿರುತ್ತಿದ್ದರು, ಬ್ಯಾಂಕಿನ ಹೆಸರು ಹೇಳಿದರೆ ಎಂಥ ಕಂಪನಿಯವರೂ ಫೋನು ಎತ್ತುತ್ತಿದ್ದರು. ಫೋನು ಮಾಡುವ ಕೆಲಸ ಇವನದಾಗಿರಲಿಲ್ಲ, ಅಷ್ಟೇ. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಇವನು ಫೋನು ನೋಡುತ್ತ, “ಒಂದು ದೊಡ್ಡ ಡೀಲು ಮುಗೀತಾ ಇದೆ ಭಾವ,” ಎನ್ನುತ್ತಿದ್ದ. ನಾವು ದನಿ ತಗ್ಗಿಸುತ್ತಿದ್ದೆವು. ಡೀಲು ಮುಗಿಸುತ್ತಿದ್ದವರು ಬೇರೆ ಯಾರೋ ಎಂಬುದು ನಮಗೆ ಗೊತ್ತಿರಲಿಲ್ಲ. ಇವನಿಗೂ ಮರೆತಿತ್ತೆಂದು ಕಾಣುತ್ತದೆ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ. ಮೂರು ಸಲ ಉಜ್ಜಿದ. ಅಂಗಿಗೆ ಒರೆಸಿ ಮತ್ತೊಮ್ಮೆ ಉಜ್ಜಿದ. ಕಾವಲುಗಾರ ಪಕ್ಕಕ್ಕೆ ಕರೆದು ಒಂದು ಲಕೋಟೆ ಕೊಟ್ಟ. ವಿಭಾಗವನ್ನು ಮರುಹೊಂದಿಸಲಾಗಿದೆ ಎಂದು ಅದರಲ್ಲಿತ್ತು. ಅರವತ್ತೊಂದರಿಂದ ಎಪ್ಪತ್ತನಾಲ್ಕನ್ನು ಇನ್ನು ಮುಂದೆ ಬೇರೊಂದು ಊರಿನ ಕಚೇರಿಯವರು ಇವನ ಸಂಬಳದ ಕಾಲುಭಾಗಕ್ಕೆ ಮಾಡುವವರಿದ್ದರು.

ಅವನ ಹೆಂಡತಿ ಶಾಲೆಯಲ್ಲಿ ಟೀಚರು. ಮಕ್ಕಳಿಬ್ಬರು ಓದುತ್ತಿದ್ದರು. ಟೀಚರ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಎಷ್ಟು ದಿನ ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಸಾಹೇಬ ಮೂವತ್ತೊಂದು ಕಡೆ ಅರ್ಜಿ ಹಾಕಿದ. ಆರು ಕಡೆ ಕರೆದರು. ಆರೂ ಕಡೆ ಕೇಳಿದ್ದು ಒಂದೇ ಪ್ರಶ್ನೆ: “ಮೊದಲಿಂದ ಕೊನೇತನಕ ನೀವೊಬ್ಬರೇ ನಿಂತು ಮಾಡಿಸಿದ ವ್ಯವಹಾರ ಯಾವುದು?” ಇವನು ಹದಿನಾಲ್ಕು ಪುಟಗಳ ವಿಷಯ ಹೇಳುತ್ತಿದ್ದ. ಅವರು ನೀರು ಕೊಟ್ಟು ಕಳಿಸುತ್ತಿದ್ದರು.

ಎರಡನೆಯ ತಿಂಗಳಲ್ಲಿ ಟೀಚರಮ್ಮ ನನ್ನ ಹೆಂಡತಿಗೆ ಫೋನು ಮಾಡಿದಳು. “ಅತ್ತಿಗೆ, ನಿಮ್ಮ ತಮ್ಮನ್ನ ಎಲ್ಲಾದ್ರೂ ಕೆಲಸಕ್ಕೆ ಹಚ್ಚಿ. ನನ್ನ ಅಡಿಗೆಮನೆ ಡಬ್ಬಗಳಿಗೆಲ್ಲ ನಂಬರ್ ಹಾಕಿ, ಗೋಡೆ ಮೇಲೆ ಪಟ್ಟಿ ಅಂಟಿಸಿದಾರೆ. ಉಪ್ಪು ಹಾಕ್ಬೇಕಾದ್ರೆ ಪಟ್ಟಿ ನೋಡಿ ಹದಿನೇಳನೇ ಡಬ್ಬ ತೆಗೀಬೇಕು.”

ಕೆಲಸ ಕೊಟ್ಟದ್ದು ಒಂದು ಸಣ್ಣ ಇನ್ವೆಸ್ಟ್‌ಮೆಂಟ್ ಬ್ಯಾಂಕು. ಕನ್ನಡಕದ ಅಂಗಡಿಯ ಮೇಲೆ, ಎರಡನೆಯ ಮಹಡಿ. ಇವನನ್ನು ಸೇರಿಸಿ ಐದು ಜನ. ಅದನ್ನು ಕಟ್ಟಿದ ಯಜಮಾನರು ಅರವತ್ತೈದು ದಾಟಿದವರು, ಬಿಳಿಯ ಪೊದೆ ಹುಬ್ಬು, ಕುರ್ಚಿಯಲ್ಲಿ ಕಾಲು ಮಡಚಿ ಕೂರುವ ಅಭ್ಯಾಸ. ಲೆಕ್ಕದ ಮೇಡಂ ಎಂಬ ಒಬ್ಬಾಕೆ ಲೆಕ್ಕದ ಜೊತೆಗೆ ನೀರಿನ ಕ್ಯಾನು, ವಕೀಲರು, ಯಜಮಾನರ ಸಿಟ್ಟು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಉಳಿದಿಬ್ಬರು ಗಿರಾಕಿ ಹುಡುಕಿಕೊಂಡು ಸದಾ ಊರೂರು ಸುತ್ತುತ್ತಿದ್ದರು.

ಮೊದಲ ದಿನ ಸಾಹೇಬ ಟೈ ಕಟ್ಟಿಕೊಂಡು ಹೋಗಿ ಕೇಳಿದ, “ನನ್ನ ವಿಭಾಗ ಯಾವುದು ಸಾರ್?”

“ಈ ಗೋಡೆಯಿಂದ ಆ ಗೋಡೆವರೆಗೂ ನಿಂದೇ,” ಎಂದರು ಯಜಮಾನರು.

“ಬರೆದಿದ್ದನ್ನ ಪರಿಶೀಲನೆಗೆ ಯಾರಿಗೆ ಕಳಿಸ್ಬೇಕು?”

“ನೀನೇ ಓದು. ತಪ್ಪಿದ್ರೆ ನಿನ್ನನ್ನೇ ಬೈಕೋ.” ಆಮೇಲೆ ಕಾಲು ಕೆಳಗಿಟ್ಟು ಸ್ವಲ್ಪ ಮೆತ್ತಗಾಗಿ ಹೇಳಿದರು, “ನೋಡಪ್ಪ, ಈ ವರ್ಷ ಕೈಯಲ್ಲಿರೋದು ಒಂದೇ ವ್ಯವಹಾರ. ಜಿಪ್ಪಿನ ಕಾರ್ಖಾನೆ. ಆರು ತಿಂಗಳು ಟೈಮು. ಮಾರಿಸಿದ್ರೆ ಇಲ್ಲೇ ಇರ್ತೀಯ. ಆಗ್ಲಿಲ್ವಾ, ನಿನ್ನ ಜೊತೆ ನಾನೂ ಅರ್ಜಿ ಹಾಕ್ಬೇಕಾಗತ್ತೆ.”

ಅಂದು ಸಂಜೆ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. “ವಿಮಾನ ನಿಲ್ದಾಣ ಮಾರಿಸ್ತಿದ್ದವನು ಪ್ಯಾಂಟಿನ ಜಿಪ್ಪಿಗೆ ಇಳಿದ್ಯೇನೋ?”

“ಬ್ಯಾಗಿಂದೂ ಮಾಡ್ತಾರಕ್ಕ,” ಎಂದ ಸಾಹೇಬ, ಬಹಳ ಗಂಭೀರವಾಗಿ. ಎದ್ದು ಹೋಗುವಾಗ ಬಾಗಿಲ ಬಳಿ ನನ್ನೊಬ್ಬನಿಗೇ ಕೇಳುವಂತೆ, “ಇದೂ ತಪ್ಪಿದ್ರೆ ಇನ್ನೊಂದು ಕಡೆ ಯಾರೂ ಕರೆಯಲ್ಲ ಭಾವ,” ಎಂದ.

ಅವನು ಶುರು ಮಾಡಿದ್ದು ದೊಡ್ಡ ಬ್ಯಾಂಕಿನ ರೀತಿಯಲ್ಲೇ. ಕಾರ್ಖಾನೆಗೆ ಮುನ್ನೂರ ಹನ್ನೆರಡು ಪ್ರಶ್ನೆಗಳ ಪಟ್ಟಿ ಕಳಿಸಿದ. ಮರುದಿನವೇ ಕಾರ್ಖಾನೆಯ ಒಡತಿಯಿಂದ ಫೋನು ಬಂತು. ಅರವತ್ತೆಂಟು ವರ್ಷದ ಆಕೆ ಗಂಡನ ಜೊತೆ ಎರಡು ಯಂತ್ರವಿಟ್ಟು ಶುರು ಮಾಡಿದವರು. ಗಂಡ ತೀರಿಹೋಗಿ ಹನ್ನೊಂದು ವರ್ಷದಿಂದ ಒಬ್ಬರೇ ನಡೆಸುತ್ತಿದ್ದರು. ತೊಂಬತ್ತು ಜನ ಕೆಲಸಗಾರರು ಅವರನ್ನು ಅಮ್ಮಾವ್ರು ಎನ್ನುತ್ತಿದ್ದರು.

“ಯಾರಪ್ಪ ಇದನ್ನ ಬರೆದಿದ್ದು?”

“ನಾನೇ ಮೇಡಂ.”

“ನೂರ ನಲವತ್ತನೇ ಪ್ರಶ್ನೆ ಸ್ವಲ್ಪ ಓದು.”

ಸಾಹೇಬ ಓದಿದ. ಕಂಪನಿಗೆ ಸೇರಿದ ವಿಮಾನ ಹಾಗೂ ಹಡಗುಗಳ ವಿವರ ನೀಡಿ.

“ನಮ್ಮಲ್ಲಿ ಒಂದು ಟೆಂಪೋ ಇದೆ,” ಎಂದರು ಅಮ್ಮಾವ್ರು. “ಅದರ ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿದೀವಿ. ಅದನ್ನ ಯಾವುದ್ರಲ್ಲಿ ಬರೀಲಿ, ವಿಮಾನದಲ್ಲೋ ಹಡಗಲ್ಲೋ? ನಿಂಗೆ ತಿಳ್ಕೋಬೇಕು ಅಂತಿದ್ರೆ ಎದ್ದು ಬಾ. ಬಂದು ನೋಡು.”

ಹೀಗೆ ನಮ್ಮ ಸಾಹೇಬ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕಾರ್ಖಾನೆಯ ಒಳಗೆ ಕಾಲಿಟ್ಟ. ಒಂದು ದಿನಕ್ಕೆಂದು ಹೋದವನು ಮೂರು ವಾರ ಓಡಾಡಿದ. ಉದ್ದ ಪಟ್ಟಿಗೆ ಹಲ್ಲು ಕೂರಿಸುವ ಯಂತ್ರಗಳು, ಬಣ್ಣದ ತೊಟ್ಟಿಗಳು, ಆ ಹಲ್ಲುಗಳ ಮೇಲೆ ಓಡುವ ಪುಟ್ಟ ಸ್ಲೈಡರನ್ನು ಎರಕ ಹೊಯ್ಯುವ ಮೂಲೆ. ಆ ಮೂಲೆಗೆ ಒಬ್ಬ ಮೇಸ್ತ್ರಿ. ಸ್ಲೈಡರಿನ ಅಚ್ಚನ್ನು ಯಂತ್ರದಲ್ಲಿ ಕೂರಿಸುವುದು ಕೂದಲೆಳೆಯಷ್ಟು ನಾಜೂಕಿನ ಕೆಲಸ, ಅದು ಬರುತ್ತಿದ್ದುದು ಆತನೊಬ್ಬನಿಗೇ. ಸ್ವಲ್ಪ ಓರೆಯಾದರೂ ಜಿಪ್ಪು ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಎಂಥ ಕಡೆ ಕೈಕೊಡುತ್ತದೆ ಎಂಬುದನ್ನು ಮೇಸ್ತ್ರಿ ಉದಾಹರಣೆ ಸಹಿತ ವಿವರಿಸಿದನಂತೆ. ಸಾಹೇಬ ಅದನ್ನು ನಮಗೆ ಹೇಳಲಿಲ್ಲ, ಅಕ್ಕ ಎದುರಿಗಿದ್ದಳು.

ಮೇಸ್ತ್ರಿ ಮುಂದಿನ ವರ್ಷ ಕೆಲಸ ಬಿಡುವವನಿದ್ದ. ಕಾರ್ಖಾನೆಯ ಇಬ್ಬರು ಹುಡುಗಿಯರಿಗೆ ಕಲಿಸುತ್ತಿದ್ದ, ಅವರಿಗೆ ಇನ್ನೂ ಕೈ ಕುದುರಿರಲಿಲ್ಲ. ಆತನ ಕೆಲಸ ಯಾವ ಕಾಗದದಲ್ಲೂ ಇರಲಿಲ್ಲ. ಸಾಹೇಬನಿಗೆ ಕಾಗದವಿಲ್ಲದೆ ಏನೂ ತಲೆಗೆ ಹೋಗುವುದಿಲ್ಲವಲ್ಲ, ಹಾಗಾಗಿ ಮೇಸ್ತ್ರಿಯ ಪಕ್ಕ ನಿಂತು, ಅವನು ಕೈ ಆಡಿಸಿದಂತೆಲ್ಲ ಗುರುತು ಮಾಡಿಕೊಂಡು, ನಲವತ್ತೊಂದು ಹಂತಗಳ ಒಂದು ಪಟ್ಟಿ ಬರೆದುಕೊಂಡ. ಮನೆಯ ಉಪ್ಪಿನ ಡಬ್ಬಕ್ಕೆ ನಂಬರು ಹಾಕಿದವನಿಗೆ ಅದೇನು ಮಹಾ.

ಆದರೆ ಕಾರ್ಖಾನೆಯ ಮಾರಾಟದ ಪುಸ್ತಕ ಬರೆಯುವಾಗ ಹಳೆಯ ಚಾಳಿ ಬಿಡಲಿಲ್ಲ. ದೊಡ್ಡ ಬ್ಯಾಂಕಿನ ಪುಸ್ತಕದಲ್ಲಿ ನಿಜವಾದ ತೊಂದರೆಗಳಿಗೆ ಒಂದು ಜಾಗ ಗೊತ್ತು ಮಾಡಿರುತ್ತಾರೆ: ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಯಾರಿಗೂ ಅರ್ಥವಾಗದ ಮಾತಿನಲ್ಲಿ. ಸಾಹೇಬ ಅಲ್ಲಿ, “ಆಯ್ದ ಕೌಶಲಗಳ ನಿರಂತರತೆಗೆ ಸಂಬಂಧಿಸಿದಂತೆ ಕೆಲವು ಪರಿಗಣನೆಗಳಿರಬಹುದು,” ಎಂದು ಬರೆದ. ಮೇಸ್ತ್ರಿ ಹೊರಟ ಎಂಬುದರ ಅನುವಾದ ಅದು. ಪಟ್ಟಿಯನ್ನು ಪುಸ್ತಕದಲ್ಲಿ ಸೇರಿಸಲಿಲ್ಲ. ದೊಡ್ಡ ಬ್ಯಾಂಕಿನ ಮಾದರಿಯಲ್ಲಿ ಅದಕ್ಕೆ ಪುಟವಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಒಬ್ಬ ಕೊಳ್ಳುವವರು ಸಿಕ್ಕರು, ಬ್ಯಾಗುಗಳನ್ನೂ ಒಂದಿಷ್ಟು ಜಿಪ್ಪನ್ನೂ ತಾನೇ ಮಾಡುವ ದೊಡ್ಡ ಕಂಪನಿ. ಅವರ ಪರ ಸಲಹೆಗಾರರು ಯಾರೆಂದರೆ ಸಾಹೇಬನ ಹಳೆಯ ಬ್ಯಾಂಕಿನವರೇ. ಸಭೆ ಕನ್ನಡಕದ ಅಂಗಡಿಯ ಮೇಲೆಯೇ ನಡೆಯಬೇಕೆಂದು ಯಜಮಾನರು ಹಟ ಹಿಡಿದರು. ದೊಡ್ಡವರು ನಮ್ಮ ಮೆಟ್ಟಿಲು ಹತ್ತಲಿ ಎಂಬ ಆಸೆ.

ಹತ್ತಿದರು. ಒಂಬತ್ತು ಜನ. ಸಭಾಕೋಣೆ ಎಂಬುದರಲ್ಲಿ ಒಂದು ಮೇಜು, ಎಂಟು ಕುರ್ಚಿ, ಜೆರಾಕ್ಸ್ ಯಂತ್ರ. ಕೊಳ್ಳುವವರ ಕಡೆಯ ನಿರ್ದೇಶಕರು, ಸ್ವೆಟರು ತೊಟ್ಟ ಅವರ ಕಾರ್ಖಾನೆಯ ಎಂಜಿನಿಯರು, ದೊಡ್ಡ ಬ್ಯಾಂಕಿನ ಹಳೆಯ ಬಾಸು ಮತ್ತು ಅವರ ಉಪಬಾಸು ಮೇಜಿಗೆ ಕೂತರು. ಅವರ ಗೋಡೆ ಸಾಲಿನ ಐದು ಮಂದಿಗೆ ಕೂರಲು ಗೋಡೆಯೇ ಉಳಿದಿರಲಿಲ್ಲ. ಲೆಕ್ಕದ ಮೇಡಂ ಅವರನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಈ ಕಡೆ ಯಜಮಾನರು, ಅಮ್ಮಾವ್ರು, ವಕೀಲರು. ಎಂಟನೆಯ ಕುರ್ಚಿ ಸಾಹೇಬನದು.

ಸಾಹೇಬ ಒಳಗೆ ಬಂದ. ಹಳೆಯ ಬಾಸನ್ನು ನೋಡಿದ. ನೇರವಾಗಿ ಹೋಗಿ ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ. ಕಾಲೇ ಹಾಗೆ ಕರೆದುಕೊಂಡು ಹೋಯಿತು ಎಂದು ಆಮೇಲೆ ಹೇಳಿದ. ಮೇಜಿನ ಎಂಟನೆಯ ಕುರ್ಚಿಯ ಮೇಲೆ ವಕೀಲರು ತಮ್ಮ ಚೀಲ ಇಟ್ಟರು.

ಒಂದು ಗಂಟೆ ಎಲ್ಲವೂ ಚೆನ್ನಾಗಿಯೇ ನಡೆಯಿತು. ಹಳೆಯ ಬಾಸು ಮಾತಾಡಿದರು, ಯಜಮಾನರು ಮಾತಾಡಿದರು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಎಂಜಿನಿಯರು ಪುಸ್ತಕ ಮುಚ್ಚಿ ಕೇಳಿದರು, “ಸ್ಲೈಡರಿನ ಅಚ್ಚು ಕೂರ್ಸೋರು ಯಾರು? ಎಷ್ಟು ಜನ ಇದಾರೆ?”

ಯಜಮಾನರಿಗೆ ಗೊತ್ತಿರಲಿಲ್ಲ. “ಒಳ್ಳೆ ಪ್ರಶ್ನೆ,” ಎಂದರು. ಅಮ್ಮಾವ್ರು ಬಾಯಿ ತೆರೆಯುವ ಮೊದಲೇ ಸಾಹೇಬನ ಕೈ ಓಡಿತು. ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ, ಸ್ಟೂಲಿನಿಂದ ಏಳದೆ ಮುಂದಕ್ಕೆ ಬಾಗಿ ಯಜಮಾನರ ಕೈಗೆ ತುರುಕಿದ. ದೊಡ್ಡ ಬ್ಯಾಂಕಿನಲ್ಲಾಗಿದ್ದರೆ ದೊಡ್ಡವರು ಅದನ್ನು ಮೇಜಿನ ಕೆಳಗೆ ಓದಿ, ಮಡಚಿ, ಮುಗುಳ್ನಗುತ್ತಿದ್ದರು. ಯಜಮಾನರಿಗೆ ಅದುವರೆಗೆ ಯಾರೂ ಚೀಟಿ ಕೊಟ್ಟಿರಲಿಲ್ಲ. ಜೊತೆಗೆ ಅವರ ಕನ್ನಡಕ ಅಂದು ಬೆಳಿಗ್ಗೆಯೇ ಕಡ್ಡಿ ಮುರಿದು ಕೆಳಗಿನ ಅಂಗಡಿಯಲ್ಲಿತ್ತು. ಅವರು ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಪಕ್ಕಕ್ಕೆ ಕೊಟ್ಟರು.

“ಏನು ಬರ್ದಿದಾನೆ ನೋಡಿಮ್ಮ.”

ಅಮ್ಮಾವ್ರು ಕಾರ್ಖಾನೆಯ ಯಂತ್ರಗಳ ಸದ್ದಿನಲ್ಲಿ ನಲವತ್ತು ವರ್ಷ ಮಾತಾಡಿದವರು. ಗಟ್ಟಿಯಾಗಿ ಓದಿದರು: “ಉತ್ತರ ಬೇಡ. ಮೇಸ್ತ್ರಿ ಒಬ್ಬನೇ. ಮುಂದಿನ ವರ್ಷ ಬಿಡ್ತಾನೆ. ಆಮೇಲೆ ತಿಳಿಸ್ತೀವಿ ಅನ್ನಿ.”

ಹೊರಗಿನ ಬೆಂಚಿನಲ್ಲಿ ಚಹಾದ ಕಪ್ಪು ಇಟ್ಟ ಸದ್ದು ಒಳಗೆ ಕೇಳಿಸಿತು. ವಕೀಲರು ಕಣ್ಣು ಮುಚ್ಚಿಕೊಂಡರು. ಹಳೆಯ ಬಾಸಿನ ಮುಖದಲ್ಲಿ ಮಾತ್ರ ಒಂದು ಬಗೆಯ ತೃಪ್ತಿ ಮೂಡಿತು. ಸಣ್ಣ ಜಾಗದವರು ಸಣ್ಣ ಜಾಗದವರೇ ಎಂಬಂತೆ. ಅವರು ಪುಸ್ತಕವನ್ನು ಮುಚ್ಚಿಟ್ಟು, “ಇದು ಬೆಲೆಯ ಮೇಲೆ ಗಂಭೀರ ಪರಿಣಾಮ ಬೀರುವ ವಿಷಯ. ನಾವು ಇಲ್ಲಿಗೆ ನಿಲ್ಲಿಸಿ—” ಎಂದು ಶುರು ಮಾಡಿದರು.

ಟೀಚರಮ್ಮನಿಗೆ ಏನು ಹೇಳುವುದು ಎಂಬುದೊಂದೇ ಸಾಹೇಬನ ತಲೆಯಲ್ಲಿ ಓಡುತ್ತಿತ್ತಂತೆ.

ಅಮ್ಮಾವ್ರು ಕುರ್ಚಿಯಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರು. “ಅಲ್ಲಯ್ಯ, ಬರ್ದಿರೋದು ನಿಜಾನೇ. ನಿಜ ಹೇಳಕ್ಕೆ ಚೀಟಿ ಯಾಕೆ? ನನಗಿಂತ ಜಾಸ್ತಿ ಆ ಮೂಲೇಲಿ ನಿಂತಿದ್ದೋನು ನೀನು. ನೀನೇ ಬಂದು ಹೇಳು. ವಕೀಲ್ರೇ, ಆ ಚೀಲ ತೆಗೀರಿ.”

ಸಾಹೇಬ ಎದ್ದು ಬಂದು ಮೇಜಿಗೆ ಕೂತ. ನೀರು ಕುಡಿದ. ಆಮೇಲೆ ಹೇಳಿದ: ಹೌದು ಸಾರ್, ಒಬ್ಬನೇ. ಕಲಿಯುತ್ತಿರುವವರು ಇಬ್ಬರು. ಒಬ್ಬಳಿಗೆ ಲೋಹದ ಅಚ್ಚು ಬರುತ್ತದೆ, ಪ್ಲಾಸ್ಟಿಕ್ಕಿನದು ಬರುವುದಿಲ್ಲ. ಇನ್ನೊಬ್ಬಳ ಕೈ ಚೆನ್ನಾಗಿದೆ, ಧೈರ್ಯ ಸಾಲದು. ಇಷ್ಟು ಹೇಳಿ ಏನು ಮಾಡುವುದೆಂದು ತೋಚದೆ ತನ್ನ ಚೀಲದಿಂದ ಆ ನಲವತ್ತೊಂದು ಹಂತದ ಪಟ್ಟಿ ತೆಗೆದು ಎಂಜಿನಿಯರ ಮುಂದೆ ಇಟ್ಟ.

ಎಂಜಿನಿಯರು ಓದತೊಡಗಿದರು. ಬೆರಳು ಒಂದು ಕಡೆ ನಿಂತಿತು. “ಹತ್ತೊಂಬತ್ತು. ಬಿಸಿ ಮಾಡಿ ಆಮೇಲೆ ತಿರುಪು ಬಿಗೀಬೇಕು ಅಂತಿದೆ. ನಾವು ಬಿಗಿದು ಬಿಸಿ ಮಾಡ್ತೀವಲ್ಲ?”

“ನಿಮ್ಮಲ್ಲಿ ಅಚ್ಚು ಒಡೆಯುತ್ತಾ ಸಾರ್?”

“ತಿಂಗಳಿಗೆ ಮೂರು.”

“ಇಲ್ಲಿ ವರ್ಷಕ್ಕೆ ಒಂದು,” ಎಂದ ಸಾಹೇಬ. “ಹೋದ ವರ್ಷ ಅದೂ ಇಲ್ಲ.”

“ಅದರ ಹಿಂದಿನ ವರ್ಷ ಒಡೆದದ್ದೂ ಬೆಕ್ಕು ಬೀಳ್ಸಿದ್ದು,” ಎಂದು ಅಮ್ಮಾವ್ರು ಸೇರಿಸಿದರು.

ಮುಂದಿನ ಮುಕ್ಕಾಲು ಗಂಟೆ ಆ ಮೂವರೇ ಮಾತಾಡಿಕೊಂಡರು. ನಿರ್ದೇಶಕರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಹಳೆಯ ಬಾಸು ನಡುವೆ ಏನೋ ಹೇಳಲು ಹೋಗಿ, ವಿಷಯ ಬೇಕಾಗಿ, ಎಡಗೈಯನ್ನು ಹಿಂದಕ್ಕೆ ಚಾಚಿ ಎರಡು ಬೆರಳು ಅಲ್ಲಾಡಿಸಿದರು. ಅವರ ಹಿಂದೆ ಬಾಗಿಲು ಮಾತ್ರ ಇತ್ತು.

ವ್ಯವಹಾರ ಅಂದೇ ಮುಗಿಯಲಿಲ್ಲ. ಕೊಳ್ಳುವವರು ಬೆಲೆಯನ್ನು ಸ್ವಲ್ಪ ಇಳಿಸಿ ಒಂದು ಷರತ್ತು ಹಾಕಿದರು: ಮೇಸ್ತ್ರಿ ಇನ್ನೂ ಎರಡು ವರ್ಷ ಇದ್ದು ತಮ್ಮ ಕಡೆಯವರಿಗೂ ಕಲಿಸಬೇಕು. ಒಪ್ಪಿದರೆ ಸಹಿ. ಇಲ್ಲದಿದ್ದರೆ ಇಲ್ಲ. ಅಮ್ಮಾವ್ರು ಬೆಲೆಗೆ ಒಪ್ಪಿದರು. ಮೇಸ್ತ್ರಿಯ ಹತ್ತಿರ ತಾವು ಮಾತಾಡುವುದಿಲ್ಲ ಎಂದರು. “ನಾನು ಕೇಳಿದ್ರೆ ಅವನು ಇಲ್ಲ ಅನ್ನಲ್ಲ. ಅದಕ್ಕೇ ಕೇಳಲ್ಲ.”

ಸಾಹೇಬ ನಾಲ್ಕು ಪುಟದ ಕರಾರು ಬರೆದುಕೊಂಡು ಮೇಸ್ತ್ರಿಯ ಮನೆಗೆ ಹೋದ. ಆರು ತಿಂಗಳಿಗೆ ಹನ್ನೊಂದು ದಿನ ಉಳಿದಿತ್ತು. ಮೇಸ್ತ್ರಿ ಮುಂಬಾಗಿಲ ಹೊಸ್ತಿಲಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಕರಾರನ್ನು ಮುಟ್ಟಲಿಲ್ಲ.

“ಸಂಬಳ ಒಂದೂವರೆ ಪಟ್ಟು ಕೊಡ್ತಾರಂತೆ,” ಎಂದ ಸಾಹೇಬ.

“ಇರೋದು ಗಂಡ ಹೆಂಡ್ತಿ ಇಬ್ರೇ. ಅಷ್ಟು ತಗೊಂಡು ಏನ್ ಮಾಡ್ಲಿ?”

“ಆಸ್ಪತ್ರೆ ಖರ್ಚು ಪೂರ್ತಿ ಅವರದ್ದೇ.”

“ಈಗ್ಲೇ ಕಾಯಿಲೆ ಮಾಡ್ಬೇಡಿ ಸ್ವಾಮಿ ನಂಗೆ.”

“ಮತ್ತೆ ಏನು ಬೇಕು ಹೇಳಿ.”

ಮೇಸ್ತ್ರಿ ದಾರವನ್ನು ಹಲ್ಲಿನಲ್ಲಿ ಕಡಿದು ಇನ್ನೊಂದು ಚಪ್ಪಲಿ ಎತ್ತಿಕೊಂಡ. ಒಳಗಿನಿಂದ ಅವನ ಹೆಂಡತಿ ಹೇಳಿದಳು, “ಹೇಳ್ರೀ, ದಿನಾ ನನ್ನ ಹತ್ರ ಹೇಳ್ತೀರಲ್ಲ.”

“ಮೂವತ್ತೆಂಟು ವರ್ಷ ಬೆಳಿಗ್ಗೆ ಎಂಟಕ್ಕೆ ಹೋಗಿದೀನಿ,” ಎಂದ ಮೇಸ್ತ್ರಿ. “ಒಂದಿನಾನೂ ಕೂತ್ಕೊಂಡು ತಿಂಡಿ ತಿಂದಿಲ್ಲ. ನಿಂತ್ಕೊಂಡೇ ತಿಂದಿದೀನಿ. ಹತ್ತಕ್ಕೆ ಬರ್ಬೋದು ಅಂದ್ರೆ ನೋಡೋಣ.”

“ಮೇಲಿನವ್ರನ್ನ ಕೇಳಿ ಹೇ—” ಎಂದು ಸಾಹೇಬ ಅಭ್ಯಾಸದಂತೆ ಶುರು ಮಾಡಿದ. ಅಷ್ಟರಲ್ಲಿ ಮೇಲೆ ಯಾರಿದ್ದಾರೆ ಎಂದು ಯೋಚಿಸಿದನಂತೆ. ಯಜಮಾನರು. ಅವರು, ನೀನೇ ನೋಡ್ಕೊ ಎನ್ನುತ್ತಾರೆ. ಅವರ ಮೇಲೆ ಮಾಳಿಗೆ.

“ಆಯ್ತು,” ಎಂದ. “ಹತ್ತಕ್ಕೆ ಬನ್ನಿ.”

ಆ ಮಾತು ಕೊಡಲು ಅವನಿಗೆ ಯಾವ ಅಧಿಕಾರವೂ ಇರಲಿಲ್ಲ. ಬೀದಿಯ ತಿರುವಿನಲ್ಲಿ ನಿಂತು ಎಂಜಿನಿಯರಿಗೆ ಫೋನು ಮಾಡಿದ. ಎಂಜಿನಿಯರು, “ಹನ್ನೊಂದಕ್ಕೆ ಬಂದ್ರೂ ನಡೀತಿತ್ತಲ್ರೀ,” ಎಂದರು.

ಸಹಿಯಾಯಿತು. ಹಣ ಬಂತು, ಕಮಿಷನ್ನೂ ಬಂತು. ಅದಾಗಿ ಮೂರನೆಯ ದಿನಕ್ಕೆ ಆರು ತಿಂಗಳು ತುಂಬಿತು. ಸಾಹೇಬ ಬೆಳಿಗ್ಗೆಯಿಂದ ಕಾದ. ಯಜಮಾನರು ಕರೆಯಲಿಲ್ಲ. ಸಂಜೆ ಐದೂವರೆಗೆ ಇವನೇ ಹೋಗಿ ನಿಂತ.

“ನನ್ನ ವಿಷಯ ಏನಾಯ್ತು ಸಾರ್?”

“ಏನು ವಿಷಯ?”

“ಆರು ತಿಂಗಳು ಇವತ್ತಿಗೆ ಮುಗೀತು.”

“ಹೌದಾ? ನಾಳೆ ಬೆಳಿಗ್ಗೆ ಬಿಸ್ಕತ್ತಿನ ಡಬ್ಬ ಮಾಡೋ ಅಣ್ಣತಮ್ಮಂದಿರು ಬರ್ತಿದಾರೆ. ಒಬ್ರಿಗೊಬ್ರು ಮಾತು ಬಿಟ್ಟು ನಾಲ್ಕು ವರ್ಷ ಆಯ್ತಂತೆ. ನೀನೇ ಕೂತು ಮಾತಾಡು. ನಾನು ಬರಲ್ಲ.”

“ಅಂದ್ರೆ ನಾನು ಇರ್ತೀನಾ ಸಾರ್?”

“ಮತ್ತೆ ಅವರ ಹತ್ರ ಯಾರು ಮಾತಾಡ್ತಾರೆ?”

“ಒಂದು ಕಾಗದ ಬರ್ದುಕೊಟ್ರೆ...”

“ನೀನೇ ಬರ್ಕೊ. ಸಹಿ ಹಾಕ್ತೀನಿ.”

ಹೀಗೆ ನಮ್ಮ ಸಾಹೇಬ ತನ್ನ ನೇಮಕದ ಆದೇಶವನ್ನು ತಾನೇ ಬರೆದ. ಹನ್ನೊಂದು ಪುಟವಾಯಿತು. ವ್ಯಾಖ್ಯೆಗಳಿಗೇ ಮೂರು ಪುಟ, ಕೊನೆಯಲ್ಲಿ ಎರಡು ಅನುಬಂಧ. ಲೆಕ್ಕದ ಮೇಡಂ ಅದನ್ನು ಓದಿ, ಒಂದೊಂದೇ ಪುಟ ಎತ್ತಿ ಪಕ್ಕಕ್ಕಿಟ್ಟು, ಕೊನೆಗೆ ಒಂದರ್ಧ ಪುಟ ಉಳಿಸಿದಳು. ಉಳಿಸಿದ ಮೇಲೆ ಕೇಳಿದಳು, “ಎಲ್ಲಾ ಸರಿ, ಸಂಬಳ ಎಷ್ಟು ಅಂತ ಎಲ್ಲೂ ಬರ್ದೇ ಇಲ್ವಲ್ಲ?”

ಬರೆದಿರಲಿಲ್ಲ. ಹನ್ನೊಂದು ಪುಟದಲ್ಲಿ ಎಲ್ಲಿಯೂ.

“ನೀವೇ ಹಾಕ್ಬಿಡಿ ಮೇಡಂ,” ಎಂದ ಸಾಹೇಬ ಸಂಕೋಚದಿಂದ. ಆಕೆ ಆರು ತಿಂಗಳಿಂದ ಕೊಡುತ್ತಿದ್ದ ಅಂಕಿಯನ್ನೇ ತುಂಬಿ, ಸಹಿ ಮಾಡಿಸಿ, ಮೊಹರು ಒತ್ತಿ ಕೈಗಿಟ್ಟಳು. ಕಾಗದ ನೋಡಿ ಸಾಹೇಬ ಮೆಲ್ಲಗೆ, “ಒಂಚೂರು ಜಾಸ್ತಿ ಬರೀಬಹುದಿತ್ತು ಅಲ್ವಾ,” ಎಂದ.

“ಬರೀತಿದ್ದೆ,” ಎಂದಳು ಆಕೆ, ಡ್ರಾಯರಿಗೆ ಬೀಗ ಹಾಕುತ್ತ. “ಕೇಳ್ಬೇಕಿತ್ತು.”